ಟೋಕನ್ ಯಾರ ಕೈಯಲ್ಲಿ?

ರವಿಕೆಗೆ ಒಂದು ಹುಕ್ಕು ಬೇಕಿತ್ತು, ಅಷ್ಟೇ. ಅದಕ್ಕಾಗಿ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದುಕೊಂಡೆ. ಮುಚ್ಚಳದ ಮೇಲೊಬ್ಬಳು ರಾಣಿ ಇದ್ದಳು. ನಾಲ್ಕು ಮನೆ ಬದಲಾಯಿಸುವಷ್ಟರಲ್ಲಿ ಅವಳ ಮುಖವೆಲ್ಲ ಉಜ್ಜಿಹೋಗಿ ಈಗ ಕಿರೀಟ ಮಾತ್ರ ಉಳಿದಿದೆ. ಒಳಗೆ ಜೋಡಿ ತಪ್ಪಿದ ಗುಂಡಿಗಳು, ಊದಿದ ಬೆರಳಿಗೆ ಈಗ ಹೊಗದ ಥಿಂಬಲ್, ಕಾನ್ವೆಂಟಿನ ನೀಡ್ಲ್‌ವರ್ಕ್ ಕ್ಲಾಸಿನಲ್ಲಿ ಅರ್ಧ ಹೊಲಿದು ಬಿಟ್ಟ ಒಂದು ಡೈಸಿ ಹೂವು. ಡೈಸಿಯನ್ನು ನಾನು ಇವತ್ತಿನವರೆಗೆ ಕಣ್ಣಾರೆ ಕಂಡವಳಲ್ಲ. ಮನೆಯ ಬೇಲಿಯಲ್ಲಿ ದಿನಾ ಅರಳುತ್ತಿದ್ದ ದಾಸವಾಳವನ್ನು ಹೊಲಿಯಲು ನಮಗೆ ಯಾರೂ ಹೇಳಿಕೊಡಲಿಲ್ಲ.

ಹುಕ್ಕು ಸಿಗಲಿಲ್ಲ. ಒಂದು ಮರದ ಚೂರು ಸಿಕ್ಕಿತು. ಅರ್ಧ ಬೆಂಕಿಪೊಟ್ಟಣದಷ್ಟು ದೊಡ್ಡದು, ಮೂಲೆಯಲ್ಲೊಂದು ತೂತು, ನಡುವೆ ಕಾದ ಕಬ್ಬಿಣದಿಂದ ಸುಟ್ಟು ಬರೆದ ಇಂಗ್ಲಿಷಿನ 'ವಿ' ಅಕ್ಷರ.

ಅದನ್ನು ಕಂಡೊಡನೆ ನನಗೆ ಸಿಟ್ಟು ಬಂತು. ನೆನಪು ಬಂದದ್ದು ಆಮೇಲೆ. ವಯಸ್ಸಾದ ಹೆಂಗಸು ಹಳೆಯ ವಸ್ತು ಕಂಡರೆ ಕಣ್ಣು ಒದ್ದೆ ಮಾಡಿಕೊಳ್ಳಬೇಕು ಎಂಬುದೊಂದು ಎಟಿಕೆಟ್ ಇದೆಯಲ್ಲ, ಅದು ನನ್ನಿಂದ ಆಗಲಿಲ್ಲ. ನನಗೆ ಬಿ.ಪಿ. ಏರಿತು.

'ವಿ' ಅಂದರೆ ವರ್ನಾಕ್ಯುಲರ್. ಪುತ್ತೂರಿನ ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದವಳ ಕೈಗೆ ಈ ಟೋಕನ್ ಬರುತ್ತಿತ್ತು. ಕನ್ನಡವಿರಲಿ, ತುಳುವಿರಲಿ, ಕೊಂಕಣಿಯಿರಲಿ, ಟೋಕನ್ನಿಗೆ ಭೇದವಿರಲಿಲ್ಲ. ಅದನ್ನು ಹಿಡಿದವಳು ಕಿವಿ ನಿಮಿರಿಸಿಕೊಂಡು ತಿರುಗಬೇಕು. ಇನ್ನೊಬ್ಬಳ ಬಾಯಿಂದ ಒಂದು ಕನ್ನಡ ಶಬ್ದ ಬಿದ್ದೊಡನೆ ಅವಳ ಕೈಗೆ ದಾಟಿಸಬೇಕು. ಸಂಜೆ ಆರರ ಗಂಟೆ ಹೊಡೆಯುವಾಗ ಟೋಕನ್ ಯಾರ ಕೈಯಲ್ಲಿ ಇರುತ್ತದೋ ಅವಳೇ ಆ ದಿನದ ಅಪರಾಧಿ. ಚಾಪೆಲ್ಲಿನ ಮೆಟ್ಟಿಲ ಬಳಿ ಮೊಣಕಾಲೂರಿ, 'ಐ ಮಸ್ಟ್ ನಾಟ್ ಸ್ಪೀಕ್ ದ ವರ್ನಾಕ್ಯುಲರ್' ಎಂದು ನೂರು ಸಲ ಬರೆಯಬೇಕು. ಬೆಳಿಗ್ಗೆಯಿಂದ ಹತ್ತು ಜನ ಕನ್ನಡ ಆಡಿದ್ದರೂ ಪಾಪವೆಲ್ಲ ಕೊನೆಯವಳ ತಲೆಗೆ. ಇಂಥ ನ್ಯಾಯವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಆದರೆ ಗೆಳತಿಯ ಮಾತು ಕೇಳುವಾಗ ಅವಳು ಏನು ಹೇಳುತ್ತಿದ್ದಾಳೆ ಎಂದು ಬಿಟ್ಟು ಯಾವ ಭಾಷೆಯಲ್ಲಿ ಹೇಳುತ್ತಿದ್ದಾಳೆ ಎಂದು ಕೇಳುವ ಅಭ್ಯಾಸ ನಮಗೆ ಚೆನ್ನಾಗಿಯೇ ಆಯಿತು.

ನಾನು ದರ್ಬೆಯವಳು. ಮನೆಯಿಂದಲೇ ಶಾಲೆಗೆ ನಡೆದುಹೋಗುತ್ತಿದ್ದ ಡೇ ಸ್ಕಾಲರ್. ತಂದೆ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರಿಂದ ಮನೆಯಲ್ಲಿ ಇಂಗ್ಲಿಷಿನ ಗಾಳಿ ಸ್ವಲ್ಪ ಬೀಸುತ್ತಿತ್ತು. 'ವಿದ್ಔಟ್ ಪ್ರಿಜುಡಿಸ್' ಅಂದರೇನೆಂದು ಗೊತ್ತಿಲ್ಲದೆಯೇ ಅದನ್ನು ತಮ್ಮನ ಜೊತೆಗಿನ ಜಗಳದಲ್ಲಿ ಬಳಸುತ್ತಿದ್ದೆ. ನೀರುದೋಸೆಯನ್ನು ಫೋರ್ಕಿನಲ್ಲಿ ತಿನ್ನಲು ಹೋಗಿ ಅಮ್ಮನಿಂದ ಸೌಟಿನ ಪೆಟ್ಟು ತಿಂದವಳು. ಅಂಥ ನನ್ನನ್ನು ಎಸ್ಸೆಸ್ಸೆಲ್ಸಿ ವರ್ಷ ಥ್ರೋಬಾಲ್ ಟೀಮಿಗೆ ಕ್ಯಾಪ್ಟನ್ ಮಾಡಿದರು. ಆಟ ಚೆನ್ನಾಗಿ ಬರುತ್ತಿತ್ತೆಂದಲ್ಲ. ರೆಫ್ರಿಯ ಹತ್ತಿರ ಇಂಗ್ಲಿಷಿನಲ್ಲಿ ಅಪೀಲ್ ಮಾಡಲು ನನಗೆ ಬರುತ್ತಿತ್ತು.

ಆಟ ಬರುತ್ತಿದ್ದದ್ದು ಲೀಲಾವತಿಗೆ. ಅರಂತೋಡಿನ ಗೌಡರ ಮಗಳು, ಬೋರ್ಡಿಂಗಿನಲ್ಲಿದ್ದಳು. ಮನೆಮಾತು ಸುಳ್ಯದ ಕಡೆಯ ಅರೆಭಾಷೆ. ಗದ್ದೆಯಲ್ಲಿ ಬೈಹುಲ್ಲಿನ ಕಟ್ಟು ಎಸೆದು ಗಟ್ಟಿಯಾದ ಭುಜ. ಅವಳು ಸರ್ವಿಸ್ ಹಾಕಿದರೆ ಚೆಂಡು ನೆಟ್ಟಿನ ಮೇಲಿಂದ ಹೋಗಿ ಎದುರಿನವರ ಅಂಗೈಯನ್ನು ಸುಡುತ್ತಿತ್ತು. ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಏನು ಕೇಳಿದರೂ ಅವಳ ಹತ್ತಿರ ಒಂದೇ ವಾಕ್ಯ: "ಐ ಆಮ್ ಆಲ್ ರೈಟ್, ಸಿಸ್ಟರ್." ಊಟ ಸೇರಿತಾ? ಐ ಆಮ್ ಆಲ್ ರೈಟ್. ಮನೆಯ ನೆನಪಾಗುತ್ತದಾ? ಐ ಆಮ್ ಆಲ್ ರೈಟ್. ಅವಳ ತಂದೆಗೆ ಮಗಳನ್ನು ಟೀಚರ್ ಮಾಡುವ ಆಸೆ. ಅವರ ಕುಟುಂಬದಲ್ಲಿ ಎಸ್ಸೆಸ್ಸೆಲ್ಸಿಗೆ ಕೂರುವ ಮೊದಲ ಹುಡುಗಿ ಅವಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸುಳ್ಯ, ಕಡಬ ಎಲ್ಲ ಪುತ್ತೂರು ತಾಲೂಕಿಗೇ ಸೇರಿದ್ದ ಕಾಲ. ಆ ಸಲದ ತಾಲೂಕು ಪಂದ್ಯಗಳು ಸುಳ್ಯದಲ್ಲಿ. ಒಂದು ಟೀಮಿಗೆ ಒಂಬತ್ತು ಹುಡುಗಿಯರು. ಹತ್ತನೆಯವಳಾಗಿ ಬರಬೇಕಾಗಿದ್ದ ಫಿಲೋಮಿನಾ ಹಿಂದಿನ ದಿನ ಮಂಗನಬಾವು ಬಂದು ಕೆನ್ನೆ ಊದಿಸಿಕೊಂಡು ಮಲಗಿದ್ದಳು. ಹಾಗಾಗಿ ನಾವು ಲೆಕ್ಕಕ್ಕೆ ಸರಿಯಾಗಿ ಒಂಬತ್ತೇ ಜನ. ಒಬ್ಬಳು ಕಡಿಮೆಯಾದರೆ ಟೀಮೇ ಇಲ್ಲ, ಅದು ಅಲ್ಲಿನ ರೂಲು. ಲೀಲಾವತಿಗೂ ಹಿಂದಿನ ದಿನದಿಂದ ಹೊಟ್ಟೆನೋವು. ಬೋರ್ಡಿಂಗಿನಲ್ಲಿ ಹೊಟ್ಟೆನೋವು ಎಂದರೆ ಔಷಧಿ ಒಂದೇ, ಹರಳೆಣ್ಣೆ. ಬೋರ್ಡಿಂಗಿನ ಸಿಸ್ಟರ್ ಅವಳಿಗೂ ಒಂದು ಔನ್ಸ್ ಕುಡಿಸಿ, ಮೇಲಿಂದ "ಆಫರ್ ಇಟ್ ಅಪ್, ಚೈಲ್ಡ್" ಎಂದಿದ್ದರು. ನೋವನ್ನು ದೇವರಿಗೆ ಅರ್ಪಿಸಿಬಿಡು, ನಮ್ಮ ಹತ್ತಿರ ತರಬೇಡ ಎಂದು ಅರ್ಥ.

ಬೆಳಿಗ್ಗೆ ಬಸ್ಸಿನಲ್ಲಿ ಟೋಕನ್ ನನ್ನ ಹತ್ತಿರವಿತ್ತು. ಮುನ್ನಾದಿನ ಆರರ ಗಂಟೆ ಹೊಡೆದ ಮೇಲೆ, ಶಿಕ್ಷೆಯೂ ಮುಗಿದ ಮೇಲೆ, ಸುಸ್ತಿನಲ್ಲಿ 'ಅಯ್ಯೋ' ಎಂದುಬಿಟ್ಟಿದ್ದೆ. ಅಯ್ಯೋ ಕೂಡ ವರ್ನಾಕ್ಯುಲರ್! ಎದುರಿನ ಸೀಟಿನಲ್ಲಿ ಗೇಮ್ಸ್ ಸಿಸ್ಟರ್ ಬೆನೆಡಿಕ್ಟಾ ಜಪಸರ ಎಣಿಸುತ್ತ ಕೂತಿದ್ದರು. ನಾವೆಲ್ಲ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಶೂಗಳನ್ನು ಧೂಳು ತಾಗದಂತೆ ಮಡಿಲಲ್ಲಿ ಇಟ್ಟುಕೊಂಡಿದ್ದೆವು. ಶೂಗಳಿಗೆ ಸಿಕ್ಕ ಆರೈಕೆಯನ್ನು ಆ ದಿನ ಯಾರಿಗಾದರೂ ಕೊಟ್ಟಿದ್ದೆವೇ ಎಂದು ಕೇಳಬೇಡಿ. ಲೀಲಾವತಿ ಕಿಟಕಿಗೆ ತಲೆ ಆನಿಸಿಕೊಂಡಿದ್ದವಳು ನನ್ನ ಕಡೆ ಬಗ್ಗಿ, ಮೆಲ್ಲಗೆ, ಕನ್ನಡದಲ್ಲಿ ಹೇಳಿದಳು:

"ವಿಮಲಾ, ನಂಗೆ ಆಗುದಿಲ್ಲ ಮಾರಾಯ್ತಿ. ಹೊಟ್ಟೆ ಒಳಗಿಂದ ಕುತ್ತುವ ಹಾಗೆ ಆಗ್ತಾ ಉಂಟು."

ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಜೇಬಿನಿಂದ ಟೋಕನ್ ತೆಗೆದು ಅವಳ ಅಂಗೈಯಲ್ಲಿಟ್ಟೆ. "ಕಾಟ್ ಯೂ!" ಎಂದೆ.

ಇದನ್ನು ಬರೆದು ಪೆನ್ನು ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಿದ್ದೇನೆ. ಹದಿನಾರು ವರ್ಷದ ಹುಡುಗಿಯಲ್ಲವೇ, ಬಿಡಿ ಎಂದು ನೀವು ಹೇಳಬಹುದು. ಥ್ಯಾಂಕ್ಯೂ, ಬೇಡ. ಆ ಹುಡುಗಿಗೆ ಅಷ್ಟು ರಿಯಾಯಿತಿ ಕೊಡುವ ಮೂಡಿನಲ್ಲಿ ನಾನಿಲ್ಲ. ಟೋಕನ್ ಕೊಟ್ಟ ಮೇಲೆ ಲೀಲಾವತಿ ಸುಳ್ಯದವರೆಗೆ ಬಾಯಿ ಬಿಡಲಿಲ್ಲ. ನನಗೋ, ಹಗುರವಾದ ಜೇಬು. ಕೂತಲ್ಲೇ ನಿದ್ದೆ ಬಂತು.

ಬೆಳಗ್ಗಿನ ಪಂದ್ಯದಲ್ಲಿ ಕಡಬದ ಹುಡುಗಿಯರನ್ನು ಸೋಲಿಸಿದೆವು. ಲೀಲಾವತಿಯ ಸರ್ವಿಸಿಗೆ ಅವರು ಕೈಯೇ ಒಡ್ಡಲಿಲ್ಲ. ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ. ಮೂರು ಗಂಟೆಗೆ ಫೈನಲ್, ಸುಳ್ಯದ ಶಾಲೆಯ ಟೀಮಿನ ವಿರುದ್ಧ. ಕೊಯ್ಲು ಮುಗಿದ ಗದ್ದೆಯನ್ನು ಸಮ ಮಾಡಿ ಸುಣ್ಣದ ಗೆರೆ ಎಳೆದಿದ್ದರು. ಸುತ್ತ ಜನ. ಶಾಮಿಯಾನದಡಿಯಲ್ಲಿ ಚೀಫ್ ಗೆಸ್ಟ್, ದೊಡ್ಡ ಎಸ್ಟೇಟಿನ ಧನಿಗಳು. ಪಕ್ಕದಲ್ಲಿ ಅವರ ಜೀಪು, ಅದರ ಬಾನೆಟ್ಟಿಗೆ ಬಣ್ಣದ ಕಾಗದದ ತೋರಣ. ಗೆದ್ದವರ ಕಪ್ಪನ್ನು ಆ ಜೀಪಿನಲ್ಲಿಟ್ಟು ಪೇಟೆಯಲ್ಲಿ ಮೆರವಣಿಗೆ ಮಾಡುವ ಏರ್ಪಾಡು. ಎದುರು ಟೀಮಿನ ಕ್ಯಾಪ್ಟನ್ ದೇವಕಿ. ಬರಿಗಾಲು, ಉದ್ದ ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ನಮ್ಮ ಬಿಳಿ ಶೂಗಳನ್ನು ನೋಡಿ ಅವಳ ಕಡೆಯವಳೊಬ್ಬಳು, "ಎಂತ, ಮದುವೆಗೆ ಬಂದದ್ದಾ ನೀವು?" ಎಂದು ಕೆಣಕಿದಳು. ನಾನು "ಮ್ಯಾನರ್‌ಲೆಸ್" ಎಂದೆ, ಅವಳಿಗೆ ಅರ್ಥವಾಗದಂತೆ.

ಒಂದು ಸೆಟ್ ನಮಗೆ, ಒಂದು ಅವರಿಗೆ. ಮೂರನೆಯದಕ್ಕೆ ಮುಂಚಿನ ವಿರಾಮದಲ್ಲಿ ಲೀಲಾವತಿ ಕೂತಲ್ಲಿಂದ ಏಳುವಾಗ ನೆಲಕ್ಕೆ ಎರಡೂ ಕೈ ಊರಿದಳು. ತುಟಿ ಬಿಳುಚಿಕೊಂಡಿತ್ತು. ಸಿಸ್ಟರ್ ಬಗ್ಗಿ ಕೇಳಿದರು, "ಆರ್ ಯೂ ಆಲ್ ರೈಟ್, ಚೈಲ್ಡ್?" ಕೇಳುವ ಪ್ರಶ್ನೆಯೊಳಗೇ ಉತ್ತರವನ್ನು ಇಟ್ಟು ಕೇಳಿದರೆ ಆ ಹುಡುಗಿ ಬೇರೇನು ಹೇಳಬೇಕು?

"ಐ ಆಮ್ ಆಲ್ ರೈಟ್, ಸಿಸ್ಟರ್."

ರೆಫ್ರಿಗೆ ಮಾತ್ರ ಸಂಶಯ ಬಂತು. ಬೇರೆ ಊರಿನ ಡ್ರಿಲ್ ಮಾಸ್ತರು, ಒಳ್ಳೆಯ ಮನುಷ್ಯ. ನನ್ನ ಹತ್ತಿರ ಬಂದು, "ಆ ಹುಡುಗಿಗೆ ಎಂತ ಆಗಿದೆಯಮ್ಮಾ? ಆಟ ನಿಲ್ಲಿಸುವುದಾ?" ಎಂದು ಕೇಳಿದರು. ನಿಲ್ಲಿಸಿದರೆ ನಾವು ಎಂಟೇ ಜನ. ಕಪ್ಪು ಹೋಯಿತು. ನಾನು ಕಣ್ಣು ತಗ್ಗಿಸಿ, ಧ್ವನಿ ತಗ್ಗಿಸಿ, "ಸರ್, ಇಟ್ ಈಸ್... ಎ ಗರ್ಲ್ಸ್ ಮ್ಯಾಟರ್, ಸರ್," ಎಂದೆ.

ಆ ಕಾಲದಲ್ಲಿ ತಿಂಗಳಿನ ವಿಷಯ ಎಂದು ಸೂಚಿಸಿದರೆ ಸಾಕು, ಇಡೀ ತಾಲೂಕಿನ ಗಂಡಸರು ಬಾಯಿ ಮುಚ್ಚುತ್ತಿದ್ದರು. ಮಾಸ್ತರರ ಕಿವಿಯವರೆಗೆ ಕೆಂಪೇರಿತು. ಗಡಿಯಾರ ನೋಡಿಕೊಂಡರು. ಸೀಟಿ ಊದಿದರು. ನಾನು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಅದರ ಬಗ್ಗೆ ಯಾರೂ ಎರಡನೆಯ ಪ್ರಶ್ನೆ ಕೇಳಲಾರರು ಎಂದೂ ಗೊತ್ತಿತ್ತು. ನಮ್ಮನ್ನು ಕಟ್ಟಿಹಾಕಿದ ನಾಚಿಕೆಯನ್ನೇ ಎತ್ತಿ ನಾನು ನನ್ನ ಟೀಮಿನವಳ ಮೇಲೆ ಪ್ರಯೋಗಿಸಿದೆ. ವೆರಿ ಕ್ಲೆವರ್ ಗರ್ಲ್.

ಮೂರನೆಯ ಸೆಟ್. ಹದಿಮೂರು ಅವರದು, ಹನ್ನೆರಡು ನಮ್ಮದು. ಹದಿನೈದಕ್ಕೆ ಆಟ ಮುಗಿಯುತ್ತದೆ. ಚೆಂಡು ದೇವಕಿಯ ಕೈಯಲ್ಲಿ. ಲೀಲಾವತಿ ಹಿಂದಿನ ಸಾಲಿನಲ್ಲಿ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈ ಒಂದನ್ನೇ ಚಾಚಿ ನಿಂತಿದ್ದಳು. ಅದು ಎಲ್ಲರಿಗೂ ಕಾಣುತ್ತಿತ್ತು. ಅವರ ಕಡೆಯ ಮಾಸ್ತರು ಗೆರೆಯ ಆಚೆಯಿಂದ ಕೂಗಿದರು: "ದೇವಕೀ, ಅವಳ ಕಡೆಗೇ ಹಾಕು! ಹಿಡಿಯಲಿಕ್ಕೆ ಆಗುದಿಲ್ಲ ಅವಳಿಗೆ!"

ಇತ್ತ ನಾನು: "ಲೀಲಾ, ಸ್ಟೆಡಿ! ಜಸ್ಟ್ ಎ ಲಿಟ್ಲ್ ಮೋರ್!"

ನೋಡಿ, ಇದೇ ನನ್ನ ಸಿಟ್ಟಿನ ಬೇರು. ಅವಳಿಗೆ ಆಗುವುದಿಲ್ಲ ಎಂದು ಆ ಮಾಸ್ತರಿಗೆ ಗೊತ್ತಿತ್ತು, ಅದನ್ನು ಪಾಯಿಂಟ್ ಮಾಡಿಕೊಳ್ಳಲು ಹೊರಟರು. ನನಗೂ ಗೊತ್ತಿತ್ತು, ಮುಚ್ಚಿಟ್ಟು ಪಾಯಿಂಟ್ ಉಳಿಸಿಕೊಳ್ಳಲು ಹೊರಟೆ. ಬಿಳಿ ಶೂವಿಗೂ ಬರಿಗಾಲಿಗೂ ಆ ಗಳಿಗೆಯಲ್ಲಿ ಯಾವ ವ್ಯತ್ಯಾಸವೂ ಇರುತ್ತಿರಲಿಲ್ಲ, ದೇವಕಿ ಆ ಚೆಂಡನ್ನು ಎಸೆದಿದ್ದರೆ.

ಅವಳು ಎಸೆಯಲಿಲ್ಲ. ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಸರ್ವಿಸ್ ಗೆರೆಯಿಂದ ನಡೆದು ಬಂದು, ತಲೆ ಬಗ್ಗಿಸಿ, ನೆಟ್ಟಿನ ಅಡಿಯಿಂದ ನಮ್ಮ ಕೋರ್ಟಿನೊಳಗೆ ದಾಟಿದಳು. ಪಿಳಿಪಿಳಿ ನೋಡುತ್ತಿದ್ದ ನಾನು, ನಾಚಿಕೆಗೇಡಿ, ಕೈ ಎತ್ತಿ "ಫೌಲ್, ಸರ್!" ಎಂದು ಅಪೀಲ್ ಮಾಡಿದೆ.

ದೇವಕಿ ನನ್ನ ಕಡೆ ನೋಡಲೂ ಇಲ್ಲ. ಲೀಲಾವತಿಯ ಎದುರು ನಿಂತು, ಅವಳ ಗಲ್ಲ ಹಿಡಿದೆತ್ತಿ, ಅರೆಭಾಷೆಯಲ್ಲಿ ಕೇಳಿದಳು. ನನಗೆ ಆ ಭಾಷೆ ಬರುವುದಿಲ್ಲ, ಕಿವಿಯಲ್ಲಿ ಉಳಿದಂತೆ ಬರೆಯುತ್ತೇನೆ:

"ಎಲ್ಲಿ ನೋವುದು ಮಗಾ ನಿಂಗೆ?"

ಲೀಲಾವತಿ ಮೊದಲು ಸಿಸ್ಟರ್ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ನಾನು ಕಣ್ಣು ಅಗಲಿಸಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದೆ. ಅವಳು ಮುಖ ತಿರುಗಿಸಿ ದೇವಕಿಯ ಭುಜಕ್ಕೆ ಹಣೆ ಒತ್ತಿ ಅಳತೊಡಗಿದಳು. "ಅಕ್ಕಾ, ನಂಗೆ ನಿಲ್ಲಿಕೆ ಆದ್ಲೆ..." ನಿಲ್ಲಲು ಆಗುವುದಿಲ್ಲ ಎಂದು. ಅಷ್ಟು ಹೇಳಿ ನಿಜವಾಗಿಯೂ ಕುಸಿದಳು. ಎರಡು ದಿನದಿಂದ ತಡೆದಿಟ್ಟದ್ದೆಲ್ಲ ಅವಳ ಮನೆಮಾತಿನಲ್ಲಿ ಒಮ್ಮೆಗೇ ಹೊರಗೆ ಬಂತು. ಅದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ದೇವಕಿಗೆ ಅರ್ಥವಾಯಿತು. ಹೊಟ್ಟೆಯ ಬಲಗಡೆ ಬೆರಳು ಮುಟ್ಟಿಸಿದ್ದೇ ಲೀಲಾವತಿ ಚೀರಿದಳು.

ರೆಫ್ರಿ ಮೂರು ನಿಮಿಷ ಕೊಟ್ಟರು. "ದೇವಕೀ, ನಿನ್ನ ಜಾಗಕ್ಕೆ ಹೋಗು," ಎಂದು ಅವಳ ಮಾಸ್ತರು ಕಿರಿಚಿದರು. "ಎರಡೇ ಪಾಯಿಂಟ್ ಮಾರಾಯ್ತಿ! ಬಾ!"

"ನೀವೇ ಆಡಿಕೊಳ್ಳಿ ಸಾರ್," ಎಂದಳು ಅವಳು. ಚೆಂಡನ್ನು ಅವರ ಕಾಲ ಬಳಿಗೆ ಉರುಳಿಸಿದಳು.

ಮೂರು ನಿಮಿಷ ಮುಗಿಯಿತು. ನಮ್ಮವಳು ಬೀಳುವ ಮೊದಲೇ ಎದುರು ಟೀಮಿನ ಕ್ಯಾಪ್ಟನ್ ಸರ್ವಿಸ್ ಬಿಟ್ಟು ಬಂದು, ಆಮೇಲೂ ಆಡಲು ಒಪ್ಪದ ಕಾರಣ ಪಂದ್ಯವನ್ನು ನಮಗೆ ಕೊಡಲಾಗಿದೆ ಎಂದು ರೆಫ್ರಿ ಘೋಷಿಸಿದರು. ನಮ್ಮವರು ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದರು. ಲೀಲಾವತಿ ಗೆರೆಯ ಸುಣ್ಣದ ಮೇಲೆ ಮುದುಡಿ ಮಲಗಿದ್ದಳು.

ಶಾಮಿಯಾನದಲ್ಲಿ ಭಾಷಣ ಶುರುವಾಯಿತು. ಆಟವೆಂದರೆ ಸೋಲುಗೆಲುವಲ್ಲ, ಮನಸ್ಸಿನ ದೊಡ್ಡತನ ಎಂಬರ್ಥದ ಭಾಷಣ. ಧನಿಗಳು ಹುಡುಗಿಯರ ಮನೋಧರ್ಮದ ಬಗ್ಗೆ ಮಾತಾಡುತ್ತಿರುವಾಗಲೇ ದೇವಕಿ ಅವರ ಜೀಪಿನ ಡ್ರೈವರನ ಎದುರು ನಿಂತಿದ್ದಳು.

"ಅಣ್ಣಾ, ಗಾಡಿ ತೆಗೀರಿ. ಹುಡುಗಿ ಸಾಯ್ತಾಳೆ."

"ಧನಿಗಳನ್ನು ಕೇಳದೆ ಹೇಗೆ ತಂಗೀ? ಇದು ಕಪ್ಪಿಗೆ ಅಂತ ಇಟ್ಟದ್ದು."

"ಕಪ್ಪಿಗೆ ಹೊಟ್ಟೆನೋವು ಉಂಟಾ?"

ಡ್ರೈವರ್ ಬೀಡಿ ಎಸೆದು ಗಾಡಿ ತೆಗೆದ. ಬಾನೆಟ್ಟಿನ ತೋರಣ ಬಿಚ್ಚಲೂ ಪುರುಸೊತ್ತಾಗಲಿಲ್ಲ. ಬಣ್ಣದ ಕಾಗದ ಪಟಪಟ ಬಡಿದುಕೊಳ್ಳುತ್ತ ಜೀಪು ಪುತ್ತೂರಿನ ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ಲೀಲಾವತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ದೇವಕಿ. ನಮ್ಮ ಕಡೆಯಿಂದ ಯಾರೂ ಹತ್ತಲಿಲ್ಲ. ಸಿಸ್ಟರಿಗೆ ನಮ್ಮ ಎಂಟು ಜನರ ಜವಾಬ್ದಾರಿ. ನಾನು ಕ್ಯಾಪ್ಟನ್. ಕಪ್ಪು ತೆಗೆದುಕೊಳ್ಳಬೇಕಿತ್ತು.

ತೆಗೆದುಕೊಂಡೆ. ಒಂದು ಕಾಲು ಹಿಂದಿಟ್ಟು, ಮಂಡಿ ಬಗ್ಗಿಸಿ, ಕಾನ್ವೆಂಟಿನಲ್ಲಿ ಕಲಿಸಿದಂತೆ ಕರ್ಟ್ಸಿ ಮಾಡಿ, "ಥ್ಯಾಂಕ್ಯೂ, ಸರ್" ಎಂದೆ. ರನ್ನರ್ಸ್ ಅಪ್ ಎಂದು ದೇವಕಿಯ ಹೆಸರು ಕರೆದರು. ಯಾರೂ ಬರಲಿಲ್ಲ. "ಓಡಿ ಹೋದಳು!" ಎಂದು ಹಿಂದಿನಿಂದ ಯಾರೋ ಅಂದರು, ಜನ ನಕ್ಕರು.

ಅಪೆಂಡಿಕ್ಸ್ ಒಡೆದಿತ್ತು. ಪುತ್ತೂರಿನಲ್ಲಿ ಆಗುವುದಿಲ್ಲವೆಂದು ಅದೇ ಜೀಪಿನಲ್ಲಿ ಮಂಗಳೂರಿಗೆ ಕಳಿಸಿದರು. ಹರಳೆಣ್ಣೆ ಕುಡಿಸಿದ ಬುದ್ಧಿವಂತರು ಯಾರು ಎಂದು ಅಲ್ಲಿನ ಡಾಕ್ಟರು ಬೈದರಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ. ಆ ಒಂದು ಗಂಟೆ ಎಂದರೆ ಎಷ್ಟು? ಒಂದು ಸೆಟ್, ಒಂದು ಭಾಷಣ, ಒಂದು ಕರ್ಟ್ಸಿ.

ಲೀಲಾವತಿ ಬದುಕಿದಳು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳು. ಪರೀಕ್ಷೆ ಬರೆಯಲಿಲ್ಲ. ಅವಳ ತಂದೆ ಕಾನ್ವೆಂಟಿಗೆ ಬಂದು, ಯಾರ ಹತ್ತಿರವೂ ಜಗಳವಾಡದೆ, ಅವಳ ಟ್ರಂಕನ್ನು ಕೇಳಿ ತೆಗೆದುಕೊಂಡು ಹೋದರು. ಅವರು ಜಗಳವಾಡಿದ್ದರೆ ನನಗೆ ಇವತ್ತು ಸ್ವಲ್ಪ ಕಡಿಮೆ ಸಿಟ್ಟಿರುತ್ತಿತ್ತು. ಅಸೆಂಬ್ಲಿಯಲ್ಲಿ ಕಪ್ಪನ್ನು ಮೇಜಿನ ಮೇಲಿಟ್ಟು, ಲೀಲಾವತಿ ನೋವನ್ನು ನುಂಗಿಕೊಂಡು ಶಾಲೆಗಾಗಿ ಆಡಿದಳು, ಅದೇ ಟ್ರೂ ಸ್ಪೋರ್ಟ್ಸ್‌ಮನ್‌ಷಿಪ್ ಎಂದು ಹೊಗಳಿದರು. ದೇವಕಿಯ ಹೆಸರು ಯಾರೂ ಎತ್ತಲಿಲ್ಲ. ನಾವೆಲ್ಲ ಸಹಿ ಮಾಡಿ 'ಗೆಟ್ ವೆಲ್ ಸೂನ್' ಕಾರ್ಡ್ ಕಳಿಸಿದೆವು. ಅದರಲ್ಲಿ ನಾನು ಬರೆದ ಎರಡು ಸಾಲಿನ ಗ್ರಾಮರ್ ತಿದ್ದಿ, ಇನ್ನೊಂದು ಸಲ ಬರೆಸಿದರು. ಸಾರಿ ಎಂಬ ಶಬ್ದ ಆ ಸಾಲುಗಳಲ್ಲಿ ಇರಲಿಲ್ಲ.

ಅವಳ ಟ್ರಂಕಿಗೆ ಬಟ್ಟೆ ತುಂಬಲು ಕ್ಯಾಪ್ಟನ್ ಎಂದು ನನ್ನನ್ನೇ ಕರೆದಿದ್ದರು. ಆಸ್ಪತ್ರೆಯಿಂದ ಒಗೆದು ಬಂದ ಗೇಮ್ಸ್ ಟ್ಯೂನಿಕ್ ಮಡಚುವಾಗ ಜೇಬಿನಲ್ಲಿ ಗಟ್ಟಿಯಾಗಿ ಏನೋ ತಾಗಿತು. ಅದೇ ಟೋಕನ್. ಆ ಇಡೀ ದಿನ ಅದನ್ನು ಇಟ್ಟುಕೊಂಡೇ ಅವಳು ಆಡಿದ್ದಳು. ನಾನು ಅದನ್ನು ಆಫೀಸಿಗೆ ಕೊಡಲಿಲ್ಲ, ಹೊಳೆಗೂ ಎಸೆಯಲಿಲ್ಲ. ಕಾನ್ವೆಂಟಿನವರು ಪಂದ್ಯದ ಮರುದಿನವೇ ಹೊಸತೊಂದು ಮಾಡಿಸಿದ್ದರು.

ಅದೇ ದಶಕದ ಕೊನೆಯಲ್ಲಿ ದರ್ಬೆಯ ಬಟ್ಟೆ ಅಂಗಡಿಯೊಂದರಲ್ಲಿ ಲೀಲಾವತಿಯನ್ನು ಕಂಡೆ. ಸೊಂಟದಲ್ಲಿ ಮಗು, ಕೈಯಲ್ಲಿ ಚೀಲ. ಮದುವೆಯಾಗಿತ್ತು. ನಾನು ಗಾಬರಿಯಲ್ಲಿ ಇಂಗ್ಲಿಷಿನಲ್ಲೇ ಕೇಳಿಬಿಟ್ಟೆ, "ಲೀಲಾ! ಹೌ ಆರ್ ಯೂ?"

ಅವಳು ಚೀಲವನ್ನು ಕೆಳಗಿಟ್ಟಳು. "ಐ ಆಮ್ ಆಲ್ ರೈಟ್," ಎಂದಳು.

ಆಮೇಲೆ ಕನ್ನಡದಲ್ಲಿ, ಮಗುವಿನ ಟೋಪಿ ಸರಿ ಮಾಡುತ್ತ, ಸಮಾಚಾರ ಹೇಳಿದಳು. ಗೆಲ್ಲುವ ಆಟ ಬಿಟ್ಟುಕೊಟ್ಟಳೆಂದು ದೇವಕಿಯನ್ನು ಅವಳ ಶಾಲೆಯವರು ಟೀಮಿನಿಂದ ತೆಗೆದುಹಾಕಿದರಂತೆ. ಮತ್ತೆಂದೂ ಆಡಿಸಲಿಲ್ಲವಂತೆ. ಈಗ ಇಬ್ಬರ ಮನೆಗೂ ಹೋಗಿ ಬರುವ ಬಳಕೆ ಇದೆಯಂತೆ. "ಲೀಲಾ, ನಾನು ಕ್ಯಾಪ್ಟನ್ ಆಗಿ ಆ ದಿನ..." ಎಂದು ಶುರುಮಾಡಿದೆ.

"ನೀವಾ?" ಎಂದಳು ಅವಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮರೆತದ್ದನ್ನು ನೆನಪಿಸಿಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿದಳು. "ಹೌದಲ್ಲಾ. ನಂಗೆ ಕ್ಯಾಪ್ಟನ್ ಅಂದ್ರೆ ದೇವಕಿ ಅಕ್ಕನೇ ನೆನಪಿಗೆ ಬರುದು."

ಮಗು ಅತ್ತಿತು. ಅವಳು ಬಸ್ಸಿಗೆ ಹೋದಳು.

ಇವತ್ತು ಮಂಚದ ಮೇಲೆ ಟೋಕನ್ ಹಿಡಿದು ಕೂತು, ಇದನ್ನು ದಾಟಿಸಲು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡೆ. ಹರಳೆಣ್ಣೆಯ ಸಿಸ್ಟರ್, ಜಪಸರದ ಸಿಸ್ಟರ್, ಗಡಿಯಾರ ನೋಡಿಕೊಂಡ ರೆಫ್ರಿ, ಅವಳ ಕಡೆಗೇ ಹಾಕು ಎಂದ ಮಾಸ್ತರು, ಭಾಷಣದ ಧನಿಗಳು. ಎಲ್ಲರೂ ಹೋಗಿದ್ದಾರೆ. ಒಬ್ಬರೂ ಕೈ ಚಾಚುವುದಿಲ್ಲ. ಕಿಟಕಿಯ ಹೊರಗೆ ಸಂಜೆಯಾಗುತ್ತಿದೆ, ಇನ್ನೇನು ಆರು ಗಂಟೆ. ಟೋಕನ್ ನನ್ನ ಕೈಯಲ್ಲಿದೆ.